ಅರ್ಧ ಗಂಟೆಯ ಫೋನು

ಸೇತುವೆಯ ಈಚೆ ತುದಿಯಲ್ಲಿ, ಗೂಳಪ್ಪನ ಚಹಾದಂಗಡಿಗೆ ತಾಗಿಕೊಂಡೇ ನನ್ನ ಮೊಬೈಲ್ ಅಂಗಡಿ. ಹದಿನಾಲ್ಕು ವರ್ಷದಿಂದ ಫೋನು ಮಾರುತ್ತಿದ್ದೇನೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನಿಗೆ ಯಾವ ಫೋನು ಬೇಕೆಂದು ಹೇಳಬಲ್ಲೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು. ಆ ಜಂಬ ಇಳಿದದ್ದು ಸಂಕವ್ವನಿಂದ. ಇದು ನನ್ನ ಮರ್ಯಾದೆ ಹೋಗುವ ಸಂಗತಿಯೇ. ಆದರೆ ಊರವರು ಇದನ್ನು ಒಂದಕ್ಕೆರಡು ಮಾಡಿ ಹೇಳುತ್ತಿರುವಾಗ, ನಾನೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು ವಾಸಿ.

ನಮ್ಮ ಊರಲ್ಲಿ ಗುಂಡಿ ಒತ್ತುವ ಅಗ್ಗದ ಫೋನಿನಲ್ಲಿ ಆಡಿದ ಮಾತು ಆಚೆಯವರಿಗೆ ಮುಟ್ಟಲು ಅರ್ಧ ಗಂಟೆ ಬೇಕು. ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಇಟ್ಟುಬಿಡಬೇಕು. ಅರ್ಧ ಗಂಟೆಯ ಮೇಲೆ ಅವರ ಫೋನು ಬಾರಿಸುತ್ತದೆ, ಅವರು ಎತ್ತಿ ಕೇಳುತ್ತಾರೆ. ಅವರು ಉತ್ತರ ಹೇಳಿದರೆ ಅದು ಬರಲಿಕ್ಕೆ ಮತ್ತೆ ಅರ್ಧ ಗಂಟೆ. ಏಳು ಸಲ ಬಾರಿಸುವುದರೊಳಗೆ ಎತ್ತದಿದ್ದರೆ ಆ ಮಾತು ಹೋಯಿತು, ತಿರುಗಿ ಸಿಗುವುದಿಲ್ಲ. ಗಾಜಿನ ಮುಖದ ದೊಡ್ಡ ಫೋನುಗಳಲ್ಲಿ ಮಾತು ಆ ಕ್ಷಣವೇ ಮುಟ್ಟುತ್ತದೆ. ಅವು ವಕೀಲರ, ಗುತ್ತಿಗೆದಾರರ ಜೇಬಿನಲ್ಲಿವೆ. ಉಳಿದವರು ಅರ್ಧ ಗಂಟೆಗೆ ಒಗ್ಗಿಹೋಗಿದ್ದೇವೆ. ಗಂಡನಾದವನು ಊಟಕ್ಕೆ ಬರುತ್ತಿದ್ದೇನೆಂದು ಫೋನು ಮಾಡಿ, ಮನೆಗೆ ಬಂದು, ಉಂಡು, ಕೈ ತೊಳೆಯುವ ಹೊತ್ತಿಗೆ ಹೆಂಡತಿಯ ಫೋನು ಬಾರಿಸುತ್ತದೆ. ಅವಳು ಎತ್ತಿ, ಕೇಳಿ, "ಹೂಂ, ಬಾ" ಅಂದು ಇಡುತ್ತಾಳೆ. ಇದಕ್ಕೆ ಯಾರೂ ನಗುವುದೂ ಇಲ್ಲ.

ಸೇತುವೆ ದಾಟಿ ಈ ದಂಡೆಯಿಂದ ಆ ದಂಡೆಯ ಮನೆಗಳಿಗೆ ನಡೆದರೆ ಇಪ್ಪತ್ತೈದು ನಿಮಿಷ. ಹೀಗಾಗಿ ಒಂದು ಪದ್ಧತಿ ತಾನಾಗಿಯೇ ಬಂದಿದೆ. ಸಿಟ್ಟಿನ ಭರದಲ್ಲಿ ಏನಾದರೂ ಅಂದು, ಆಮೇಲೆ ನಾಲಿಗೆ ಕಚ್ಚಿಕೊಂಡವರು ತಮ್ಮ ಮಾತಿಗಿಂತ ಮುಂಚೆ ಹೋಗಿ ಮುಟ್ಟಲು ಸೇತುವೆಯ ಮೇಲೆ ಓಡುತ್ತಾರೆ. ಅವರನ್ನು ಕಂಡರೆ ಟ್ರಾಕ್ಟರು ಸಹ ಬದಿಗೆ ನಿಲ್ಲುತ್ತದೆ. ಗೂಳಪ್ಪ ನೀರಿನ ತಂಬಿಗೆ ಹಿಡಿದು ಹೊರಗೆ ಬರುತ್ತಾನೆ. ಏನಂದೆ ಅಂತ ಯಾರೂ ಕೇಳಬಾರದು, ಕೇಳುವವರು ಹೊಲಸು ಮಂದಿ. ಓಡಿ ಹೋದವರು ಬಾಗಿಲಲ್ಲಿ ನಿಂತು "ನನ್ನ ಮಾತು ಬರತೈತಿ, ಎತ್ತಬ್ಯಾಡ್ರಿ" ಅನ್ನಬೇಕು. ಮನೆಯವರು ಫೋನನ್ನು ಕವುಚಿ ಇಡುತ್ತಾರೆ. ಅದು ಏಳು ಸಲ ಬಾರಿಸಿ ಸುಮ್ಮನಾಗುತ್ತದೆ. ಆಮೇಲೆ ಚಹಾ ಆಗುತ್ತದೆ. ಈ ಊರಿನ ಎಷ್ಟು ಸಂಸಾರಗಳು ಆ ಚಹಾದ ಮೇಲೆ ನಿಂತಿವೆಯೋ ದೇವರೇ ಬಲ್ಲ.

ಸೇತುವೆಯ ಮೇಲೆ ಎಲ್ಲರಿಗಿಂತ ಹೆಚ್ಚು ಓಡಿದವಳು ಸಂಕವ್ವ. ಈಚೆ ದಂಡೆಯಲ್ಲಿ ಮಶೀನು ಇಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ಆಚೆ ದಂಡೆಯ ಮೌಲಾಬಿ ಅವಕ್ಕೆ ಕಾಜಾ ಮಾಡಿ, ಹುಕ್ಕು ಹಚ್ಚಿ, ಅಂಚು ಮಡಚಿ ಕೈಹೊಲಿಗೆ ಹಾಕುತ್ತಾಳೆ. ಇಪ್ಪತ್ತೆರಡು ವರ್ಷದ ಜೋಡಿ. ಸಂಕವ್ವನ ಗಂಡ ಮದುವೆಯಾದ ಮೂರನೇ ವರ್ಷಕ್ಕೆ ಎತ್ತಲೋ ಹೋದವನು ಬರಲಿಲ್ಲ, ಮಕ್ಕಳಿಲ್ಲ. ಅವಳಿಗೆ ಹಬ್ಬವೆಂದರೂ ಜ್ವರವೆಂದರೂ ಮೌಲಾಬಿಯೇ. ಆದರೆ ಸಂಕವ್ವನ ಬಾಯಿ ಅಂದರೆ ಕಾದ ಎಣ್ಣೆ. ಮನಸ್ಸು ಬೆಣ್ಣೆ ಅಂತ ಊರವರು ಸೇರಿಸುತ್ತಾರೆ, ಸುಟ್ಟುಕೊಂಡವರಿಗೆ ಬೆಣ್ಣೆ ಎಲ್ಲಿ ಕಾಣಬೇಕು? ವಾರಕ್ಕೊಮ್ಮೆಯಾದರೂ ಮೌಲಾಬಿಗೆ ಫೋನಿನಲ್ಲಿ ಬಾಯಿಗೆ ಬಂದದ್ದು ಅನ್ನುವುದು, ಚಪ್ಪಲಿ ಮೆಟ್ಟಿ ಓಡುವುದು, ಚಹಾ ಕುಡಿದು ನಗುನಗುತ್ತ ತಿರುಗಿ ಬರುವುದು. ಇಪ್ಪತ್ತೆರಡು ವರ್ಷದಲ್ಲಿ ಮೌಲಾಬಿ ಅವಳ ಒಂದೇ ಒಂದು ಕೆಟ್ಟ ಮಾತನ್ನೂ ಕಿವಿಯಾರೆ ಕೇಳಿರಲಿಲ್ಲ.

ಬೇಸಿಗೆಯ ಶುರುವಿಗೆ ಸಂಕವ್ವ ನನ್ನ ಅಂಗಡಿಗೆ ಬಂದಳು. ಕೈಯಲ್ಲಿದ್ದ ಹಳೆಯ ಫೋನಿನ ಅಂಕಿಗಳೆಲ್ಲ ಸವೆದುಹೋಗಿದ್ದವು, ಐದು ಮತ್ತು ಎಂಟು ಒಳಗೇ ಕೂತುಬಿಟ್ಟಿದ್ದವು.

"ರಾಚಪ್ಪಾ, ಇಂಥಾದ್ದ ಇನ್ನೊಂದು ಕೊಡಪಾ," ಅಂದಳು. "ಅಂಕಿ ದೊಡ್ಡು ಇರಬೇಕು. ಮಶೀನು ತುಳಿಯೂವಾಗೂ ಕೇಳಬೇಕು, ಹಂಗ ಜೋರಾಗಿ ಬಾರಿಸಬೇಕು. ಬ್ಯಾಟ್ರಿ ಬೆಳಕು ಇರಬೇಕು. ಚಾರ್ಜು ನಾಕ್ ದಿನ ಬರಬೇಕು. ಮುಗೀತು. ಫೋಟೋ ಗೀಟೋ ಬ್ಯಾಡ, ನನ್ನ ಮಾರಿ ನಾ ದಿನಾ ನೋಡತೀನಿ."

"ರೇಡಿಯೋ ಬೇಕೇನ ಯಕ್ಕಾ?"

"ಬಾಜೂ ಮನಿಯಾಕಿ ಅದಾಳಲ್ಲ, ಮತ್ಯಾಕ ರೇಡಿಯೋ?"

ಇಂಥ ಗಿರಾಕಿ ಸಿಗುವುದು ಪುಣ್ಯ. ತನಗೇನು ಬೇಕು, ಏನು ಬೇಡ ಎರಡೂ ಗೊತ್ತಿರುವವರು. ಅವಳು ಕೇಳಿದ್ದನ್ನು ಕೊಟ್ಟು ಕಳಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನಲ್ಲಿ ಆಗ ತಾನೇ ಹೊಸ ಮಾಲು ಬಂದಿತ್ತು. ನೋಡಲು ಅದೇ ಗುಂಡಿಯ ಫೋನು, ಹೆಚ್ಚುಕಡಿಮೆ ಅದೇ ಬೆಲೆ, ದೊಡ್ಡ ಅಂಕಿ, ಬ್ಯಾಟರಿ ಬೆಳಕು, ಓಣಿಗೆಲ್ಲ ಕೇಳುವ ದನಿ. ಒಂದೇ ವ್ಯತ್ಯಾಸ, ದೊಡ್ಡ ಫೋನಿನ ಹಾಗೆ ಇದರಲ್ಲೂ ಮಾತು ಆ ಕ್ಷಣವೇ ಮುಟ್ಟುತ್ತಿತ್ತು. ಬಡವರ ಕೈಗೂ ಅಂಥದ್ದೊಂದು ಬಂತಲ್ಲ ಅಂತ ನಾನು ಹಿಗ್ಗಿಹೋಗಿದ್ದೆ.

"ಈಗಂದ್ರ ಈಗ ಮುಟ್ಟತೈತಿ ನೋಡು," ಅಂದೆ.

"ನನಗೇನ ಅವಸರ? ಅರ್ಧ ತಾಸಿಂದು ಇಲ್ಲೇನ?"

"ಅವು ಬರೂದು ನಿಂತಾವು." ಇದು ಸುಳ್ಳು. ಕಪಾಟಿನ ಮೇಲಿನ ಅರೆಯಲ್ಲಿ ಎರಡು ಉಳಿದಿದ್ದವು. ಸ್ಟೂಲು ಹತ್ತಿ ತೆಗೆಯಬೇಕಲ್ಲ ಅಂತ ನನಗೆ ಬೇಸರ. "ಯಕ್ಕಾ, ನೀ ಒಬ್ಬಾಕೀನ ಇರತೀ. ಒಂದಿನ ಬಚ್ಚಲದಾಗ ಜಾರಿ ಬಿದ್ದಿ ಅನಕೋ. ನಿನ್ನ ಮಾತು ಅರ್ಧ ತಾಸಿಗೆ ಮುಟ್ಟಿದ್ರ ಏನು ಬಂತು?"

"ನಿನ್ನ ಬಾಯಾಗ ಒಳ್ಳೇದ ಬರಂಗಿಲ್ಲ ನೋಡು," ಅಂತ ಬೈದಳು. ಆದರೂ ಯೋಚನೆಗೆ ಬಿದ್ದಳು. ಫೋನು ಕೈಯಲ್ಲಿ ಹಿಡಿದು ತೂಗಿದಳು, ಗುಂಡಿ ಒತ್ತಿ ನೋಡಿದಳು, ಬ್ಯಾಟರಿ ಹಚ್ಚಿ ನನ್ನ ಮುಖದ ಮೇಲೆ ಬಿಟ್ಟಳು. ಕಡೆಗೆ ಕೊಂಡಳು. ಫೋನು ಮಾರುವವನು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಇದರಲ್ಲಿ ಯಾರ ಜೊತೆ ಮಾತಾಡುತ್ತೀರಿ ಅಂತ. ಅದನ್ನು ನಾನು ಕೇಳಲೇ ಇಲ್ಲ.

ಮೂರು ವಾರ ಸಂಕವ್ವ ನನ್ನನ್ನು ಹರಸಿದ್ದೇ ಹರಸಿದ್ದು. ಸಿಲಿಂಡರಿಗೆ ಹೇಳಿದ ಮಧ್ಯಾಹ್ನವೇ ಸಿಲಿಂಡರು. ಹಾಲಿನವನು ಬಾಗಿಲಲ್ಲಿರುವಾಗಲೇ ಅವನಿಗೆ ಫೋನು ಮಾಡಿ ಇನ್ನರ್ಧ ಲೀಟರು ಹಾಕು ಅಂದು ಅವನನ್ನು ಬೆಚ್ಚಿಬೀಳಿಸಿದಳಂತೆ. ಆ ಮೂರು ವಾರ ಅವಳಿಗೆ ಸಿಟ್ಟು ಬರಲಿಲ್ಲ ಅಂತಲ್ಲ. ದೊಡ್ಡ ಮದುವೆಯೊಂದರ ಹನ್ನೆರಡು ಜಂಪರಿನ ಕೆಲಸ ಬಂದಿತ್ತು, ಮೌಲಾಬಿ ದಿನಾ ಈಚೆ ದಂಡೆಗೆ ಬಂದು ಅವಳ ಎದುರಿಗೇ ಕೂತು ಹುಕ್ಕು ಹಚ್ಚುತ್ತಿದ್ದಳು. ಎದುರಿಗೆ ಕೂತವರನ್ನು ಬೈಯುವುದು ಸಂಕವ್ವನಿಗೆ ಬಾರದು. ಕೆಲಸ ಮುಗಿದು ಜಂಪರುಗಳು ಹೋದವು, ಮೌಲಾಬಿ ತನ್ನ ಮನೆಯಲ್ಲಿ ಉಳಿದಳು.

ಅದಾದ ಎರಡನೇ ದಿನ, ಸುಡುಸುಡು ಮಧ್ಯಾಹ್ನ, ನಾನು ಅಂಗಡಿಯ ಪರದೆ ಇಳಿಬಿಟ್ಟು ತೂಕಡಿಸುತ್ತಿದ್ದೆ. ಹೊರಗೆ ಗೂಳಪ್ಪ "ಬಂದ್ಲು, ಬಂದ್ಲು, ದಾರಿ ಬಿಡ್ರೋ" ಅಂತ ಕೂಗಿದ. ಎದ್ದು ನೋಡಿದರೆ ಸಂಕವ್ವ. ತಲೆಯ ಮೇಲೆ ಸೆರಗಿಲ್ಲ, ಒಂದು ಕೈಯಲ್ಲಿ ಕೆಂಪು ಜರಿಯ ಜಂಪರು ಮುದ್ದೆಯಾಗಿ ಹಿಡಿದಿದ್ದಾಳೆ, ಸೊಂಟದ ಚೀಲದಲ್ಲಿ ಫೋನು ಕುಣಿಯುತ್ತಿದೆ, ಏದುಸಿರು ಬಿಡುತ್ತ ಓಡುತ್ತಿದ್ದಾಳೆ. ಜನ ಎಂದಿನಂತೆ ಸರಿದು ನಿಂತರು. ಅಯ್ಯೋ ಶಿವನೇ, ಇವಳು ಯಾವ ಮಾತಿನ ಮುಂದೆ ಓಡುತ್ತಿದ್ದಾಳೆ? ಅದು ಆಗಲೇ ಹೋಗಿ ಮುಟ್ಟಿದೆಯಲ್ಲ! ಫೋನು ಬದಲಾದದ್ದು ಅವಳ ಬುದ್ಧಿಗೆ ಗೊತ್ತಿತ್ತು, ಸಿಟ್ಟಿಗೆ ಗೊತ್ತಿರಲಿಲ್ಲ.

ಶಟರು ಎಳೆದು ಸ್ಕೂಟರು ಹೊರಗೆ ತಂದೆ. "ಕುಂದ್ರು ಯಕ್ಕಾ," ಅಂದೆ. ಅವಳು ಕೂತಳು. ಹೇಳಿಬಿಡಬೇಕಿತ್ತು. ಹೇಳಲು ಬಾಯಿ ಬರಲಿಲ್ಲ, ಹೇಡಿ ಅಂತ ಬೇಕಾದರೆ ಅನ್ನಿ.

"ಭಾಳ ಉಪಕಾರಾತು ರಾಚಪ್ಪಾ," ಅಂದಳು ಬೆನ್ನ ಹಿಂದಿನಿಂದ. "ಈ ಸಲ ಭಾಳ ಕೆಟ್ಟದ್ದು ಅಂದುಬಿಟ್ಟೀನಿ." ನಾನು ಕೇಳಲಿಲ್ಲ. ಅವಳೇ ಹೇಳಿದಳು. ಮದುಮಗಳ ಜಂಪರಿನ ಹುಕ್ಕುಗಳು ಅರ್ಧ ಇಂಚು ಆಚೀಚೆ ಆಗಿದ್ದವಂತೆ, ತೊಟ್ಟರೆ ಎದೆಯ ಮೇಲೆ ಸೊಟ್ಟ ನಿಲ್ಲುತ್ತಿತ್ತಂತೆ. ಹುಡುಗಿಯ ತಾಯಿ ಬಂದು ಅದನ್ನು ಅಂಗಳಕ್ಕೆ ಒಗೆದು, ಓಣಿಯವರೆಲ್ಲ ಕೇಳುವ ಹಾಗೆ ಮಾತಾಡಿ ಹೋದಳಂತೆ. "ನಾ ಫೋನ್ ಹಚ್ಚಿದೆ. ಕಣ್ಣ ಹೋದಾಕಿ ಸೂಜಿ ಯಾಕ ಹಿಡೀತೀ ಅಂದೆ. ಇಪ್ಪತ್ತೆರಡು ವರ್ಷ ಕರುಣೆಕ ನಿನ್ನ ಇಟಗೊಂಡೀನಿ, ಕೆಲಸಕ್ಕಲ್ಲ ಅಂದೆ. ನಾಳಿಂದ ಬರಬ್ಯಾಡ ಅಂದೆ." ಸೇತುವೆಯ ನಡುವೆ ನನ್ನ ಹೆಗಲು ಹಿಡಿದು ಮುಂದಕ್ಕೆ ಬಾಗಿದಳು. "ಖರೇ ಅಲ್ಲಪಾ ಅದು. ಆಕಿ ಕಾಜಾ ನೋಡೇ ಮಂದಿ ನನ್ನ ಕಡೆ ಬರತಾರ. ಆಕಿ ಕೇಳಿದ್ಲಂದ್ರ ಎದಿ ಒಡಕೋತಾಳ. ಇರಲಿ, ಇನ್ನೂ ಹದಿನೈದು ನಿಮಿಷ ಐತಿ."

ನಾನು ಸ್ಕೂಟರು ಇನ್ನಷ್ಟು ಜೋರಾಗಿ ಓಡಿಸಿದೆ. ಯಾಕೆ ಓಡಿಸಿದೆನೋ, ಏನು ಉಪಯೋಗವಿತ್ತು.

ಮೌಲಾಬಿಯ ಮನೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಯಾವುದೋ ಬಟ್ಟೆ, ಪಕ್ಕದಲ್ಲಿ ಅವಳ ಹಳೆಯ ಫೋನು. ಸಂಕವ್ವ ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನನ್ನ ಮಾತು ಬರತೈತಿ ಮೌಲಾ, ಎತ್ತಬ್ಯಾಡ," ಅಂದಳು.

"ಅದು ಬಂದು ಇಪ್ಪತ್ತು ನಿಮಿಷ ಆತು," ಅಂದಳು ಮೌಲಾಬಿ.

ಸಂಕವ್ವನಿಗೆ ತಿಳಿಯಲಿಲ್ಲ. ಅವಳ ಮುಖ ನೋಡಿದಳು, ಚಾಪೆಯ ಮೇಲಿನ ಫೋನು ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ನೆಲ ನೋಡುತ್ತಿದ್ದೆ. ಆಗ ಅವಳಿಗೆ ತಿಳಿಯಿತು. ಕೈಯಿಂದ ತನ್ನ ಬಾಯಿಯ ಮೇಲೆ ಫಟ್ಟನೆ ಹೊಡೆದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಕೇಳಿದೇನ?"

"ಬಾರಿಸಿತು. ಎತ್ತಿದೆ. ಬ್ಯಾಡ ಅನ್ನಾಕ ನೀ ಇರಲಿಲ್ಲ."

"ಖರೇ ಅಲ್ಲ ಮೌಲಾ ಅದು. ದೇವರಾಣಿ ಖರೇ ಅಲ್ಲ."

ಮೌಲಾಬಿ ತಲೆಯಾಡಿಸಲಿಲ್ಲ, ಅಳಲೂ ಇಲ್ಲ. "ಒಂದು ಕೇಳತೀನಿ, ಹೇಳು," ಅಂದಳು. "ಇಷ್ಟು ವರ್ಷ ನೀ ಓಡಿ ಬಂದೆಲ್ಲ, ನಾ ಎತ್ತಲಾರದ ಬಿಟ್ಟೆಲ್ಲ, ಆ ಮಾತೆಲ್ಲಾ ಹಿಂಗ ಇದ್ದೂವೇನ?"

ಇಲ್ಲ ಅನ್ನು ಮಾರಾಯಳೇ, ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಸಂಕವ್ವ ಇಲ್ಲ ಅನ್ನಲಿಲ್ಲ. "ಕೆಲವು ಇದಕ್ಕಿಂತಾ ಕೆಟ್ಟ ಇದ್ದೂ," ಅಂದಳು.

ಆ ಮನೆಯಲ್ಲಿ ನಿಲ್ಲಲಾಗದೆ ನಾನು ಬಾಯಿ ಹಾಕಿದೆ. "ತಪ್ಪು ನಂದೈತಿ ಬೀಬೀ. ಆಕಿ ಹಳೇದ ಕೇಳಿದ್ಲು, ನಾನ ಸುಳ್ಳ ಹೇಳಿ ಈ ಫೋನು ಕಟ್ಟಿದೆ."

"ಫೋನೇನು ತಾನ ಮಾತಾಡತೈತೇನ ರಾಚಪ್ಪ?" ಅಂದಳು ಮೌಲಾಬಿ.

ಹೊಸ್ತಿಲ ಮೇಲಿನ ಬಿಸಿಲು ನಾಲ್ಕು ಬೆರಳು ಸರಿಯಿತು. ಸಂಕವ್ವನ ಸೊಂಟದಲ್ಲಿ ಫೋನು ಬಾರಿಸಿತು. ಓಣಿಗೆಲ್ಲ ಕೇಳುವ ದನಿ ಅಂದೆನಲ್ಲ, ಮೂವರೂ ಬೆಚ್ಚಿದೆವು. ಸಂಕವ್ವ ತೆಗೆದು ನೋಡಿದಳು. ಪರದೆಯ ಮೇಲೆ ಮೌಲಾಬಿಯ ಹೆಸರೇ ಬಂದಿತ್ತು. ಇವಳ ಮಾತು ಕೇಳಿದ ಕೂಡಲೇ ಮೌಲಾಬಿ ತನ್ನ ಹಳೆಯ ಫೋನಿನಲ್ಲಿ ಏನೋ ಉತ್ತರ ಹೇಳಿದ್ದಳು, ಅದು ಅರ್ಧ ಗಂಟೆ ಹಿಡಿದು ಈಗ ಬಂದಿತ್ತು.

ಪದ್ಧತಿಯ ಪ್ರಕಾರ ಎತ್ತಬೇಡ ಅನ್ನಬೇಕಾದವಳು ಮೌಲಾಬಿ. ಅವಳು ಅನ್ನಲಿಲ್ಲ. ಎರಡು ಸಲ ಬಾರಿಸಿತು, ಮೂರು ಸಲ ಬಾರಿಸಿತು.

"ಎತ್ತಲೇನ?" ಅಂದಳು ಸಂಕವ್ವ.

"ನಿನಗ ಬಿಟ್ಟದ್ದು."

ನಾಲ್ಕು. ಐದು. "ನಂದು ನೀ ಕೇಳೀ. ನಿಂದೂ ನಾ ಕೇಳಬೇಕು," ಅಂತ ಸಂಕವ್ವ ಆರನೆಯದಕ್ಕೆ ಎತ್ತಿದಳು. ಕಿವಿಗಿಟ್ಟುಕೊಂಡರೂ ಬಾಗಿಲಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಸಂಕೀ, ನಿನ್ನ ಮಾತು ಮುಟ್ಟಿತು. ಕರುಣೆ ಅಂದ್ಯಲ್ಲ, ಅದನ್ನ ನಾ ಮಣ್ಣಿಗೆ ಹೋಗೂತನಕಾ ಮರಿಯಂಗಿಲ್ಲ. ಈಗ ನೀ ಚಪ್ಪಲಿ ಮೆಟ್ಟಿ ಓಡಾಕ ಹತ್ತಿರತೀ, ನನಗ ಗೊತ್ತೈತಿ. ಓಡಬ್ಯಾಡ. ಬಿಸಿಲು ಭಾಳ ಐತಿ. ಮಧ್ಯಾಹ್ನದ್ದು ಉಂಡಿರಂಗಿಲ್ಲ ನೀ. ಉಂಡು ಸಂಜಿಕ ಬಾ."

ಸಂಕವ್ವ ಫೋನು ಇಳಿಸಿದಳು. ಮೌಲಾಬಿ ಮಡಿಲಿನ ಬಟ್ಟೆಯನ್ನೇ ನೋಡುತ್ತಿದ್ದಳು. ಸಂಕವ್ವ ಕ್ಷಮಿಸು ಅಂತ ಅವಳ ಕಾಲು ಹಿಡಿಯುತ್ತಾಳೆ ಅಂದುಕೊಂಡೆ ನಾನು. ಅವಳು ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಸಂಜಿಕ ಬರತೀನಿ," ಅಂದು ಹೊರಗೆ ನಡೆದಳು.

ಮನೆಗೆ ಹೋಗಲಿಲ್ಲ. ಎದುರು ಮನೆಯ ಕಟ್ಟೆಯ ನೆರಳಿಗೆ ಹೋಗಿ ಕೂತಳು. "ಸ್ಕೂಟರ್ ಹತ್ತು, ಮನಿಗೆ ಬಿಡತೀನಿ" ಅಂದರೆ ಒಲ್ಲೆ ಅಂದಳು. "ರಾಚಪ್ಪಾ, ಎಲ್ಲೆರೆ ಉಣ್ಣಾಕ ಸಿಕ್ಕರ ತಗೊಂಬಾ. ಉಂಡು ಬಾ ಅಂದಾಳ." ನಾನು ಖಾನಾವಳಿಯಿಂದ ಎರಡು ರೊಟ್ಟಿ, ಪಲ್ಲೆ ಕಟ್ಟಿಸಿಕೊಂಡು ಬಂದೆ. ಮಗ್ಗಿ ಒಪ್ಪಿಸುವವರ ಹಾಗೆ ಒಂದೊಂದೇ ತುತ್ತು ಎಣಿಸಿ ನುಂಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅಲ್ಲಿ ಕೂತರೆ ಮೌಲಾಬಿಯ ಕಿಟಕಿ ಕಾಣುತ್ತಿತ್ತು, ಕಿಟಕಿಯಿಂದ ನಾವೂ ಕಾಣುತ್ತಿದ್ದಿರಬೇಕು.

"ಇನ್ನ ಮ್ಯಾಲೆ ಬಾಯಿ ಹಿಡಕೋಬೇಕ ಯಕ್ಕಾ," ಅಂದೆ. ನಾನು ಯಾರು ಅವಳಿಗೆ ಬುದ್ಧಿ ಹೇಳಲಿಕ್ಕೆ? ಆದರೂ ಅಂದೆ.

"ನಲವತ್ತೊಂಬತ್ತು ವರ್ಷದ ಬಾಯಿ ಇದು. ಬಾಯಿ ಬದಲಿ ಸಿಗಂಗಿಲ್ಲ, ನೀ ಫೋನು ಬದಲಿ ಕೊಡು. ಬಚ್ಚಲದಾಗ ಬಿದ್ರ ಬೀಳತೀನಿ, ಅರ್ಧ ತಾಸು ಬಿದ್ದಲ್ಲೇ ಇರತೀನಿ."

"ಮ್ಯಾಲಿನ ಅರ್ಯಾಗ ಎರಡದಾವು," ಅಂದೆ ತಲೆ ತಗ್ಗಿಸಿ.

"ಆವತ್ತೂ ಇದ್ದೂವೇನ?"

"ಇದ್ದೂ."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಕಿಟಕಿಯತ್ತ ನೋಡುತ್ತ, "ಆಕಿ ಇನ್ನ ಬಾ ಅನ್ನದಿದ್ರ ಅದು ತಗೊಂಡು ಯಾರಿಗೆ ಹಚ್ಚಲಿ?" ಅಂದಳು. ಗಿರಾಕಿಗಳು ಬಂದು ಶಟರು ಬಡಿದು ಹೋಗುತ್ತಿರಬಹುದೆಂದು ಗೊತ್ತಿದ್ದೂ ನಾನು ಏಳಲಿಲ್ಲ.

ನೆರಳು ಸರಿದಂತೆ ನಾವೂ ಕಟ್ಟೆಯ ಮೇಲೆ ಸರಿದು ಕೂತೆವು. ಸಂಜಿ ಆತೇನ ಅಂತ ಅವಳು ಮೂರು ಸಲ ಕೇಳಿದಳು. ಮೂರು ಸಲವೂ ಇನ್ನೂ ಇಲ್ಲ ಅಂದೆ. ಹಕ್ಕಿಗಳು ಸೇತುವೆಯ ಕಡೆ ಹಾರತೊಡಗಿದವು, ಓಣಿಯ ದೀಪಗಳು ಹತ್ತಿದವು. ಸಂಕವ್ವ ನಲ್ಲಿಯಲ್ಲಿ ಮುಖ ತೊಳೆದು, ಒದ್ದೆ ಕೈಯಿಂದಲೇ ಕೂದಲು ಸರಿಮಾಡಿಕೊಂಡು, ತೆರೆದಿದ್ದ ಬಾಗಿಲನ್ನು ಹೊಸಬಳ ಹಾಗೆ ತಟ್ಟಿದಳು.

"ಉಂಡೇನ?" ಒಳಗಿನಿಂದ ಮೌಲಾಬಿಯ ದನಿ.

"ಎರಡು ರೊಟ್ಟಿ."

"ಬಾ."

ಸಂಕವ್ವ ಹೋಗಿ ಚಾಪೆಯ ತುದಿಗೆ ಕೂತಳು. ಅವಳು ಬಾಯಿಗೆ ಬಂದದ್ದನ್ನು ತಡೆದುಕೊಂಡು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೌಲಾಬಿ ಕೈ ಚಾಚಿ ಅವಳ ಮುಷ್ಟಿಯಲ್ಲಿದ್ದ ಕೆಂಪು ಜಂಪರು ಬಿಡಿಸಿಕೊಂಡಳು. ದೀಪದ ಕೆಳಗೆ ಹಿಡಿದಳು, ಕಣ್ಣಿಗೆ ಹತ್ತಿರ ತಂದಳು, ಆಮೇಲೆ ಕಣ್ಣಿನ ಗೊಡವೆ ಬಿಟ್ಟು ಹೆಬ್ಬೆರಳಿನಿಂದ ಹುಕ್ಕುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ಸೊಟ್ಟ ಆಗ್ಯಾವು," ಅಂದಳು. ಬ್ಲೇಡು ತೆಗೆದುಕೊಂಡು ಒಂದೊಂದೇ ಹುಕ್ಕು ಬಿಚ್ಚಿದಳು. ಎಲ್ಲ ಬಿಚ್ಚಿಯಾದ ಮೇಲೆ ಡಬ್ಬಿಯಿಂದ ಒಂದು ಸೂಜಿ, ಒಂದು ಮೊಳ ಕೆಂಪು ದಾರ ತೆಗೆದು ಸಂಕವ್ವನ ಮುಂದೆ ಹಿಡಿದಳು.

"ಪೋಣಿಸು," ಅಂದಳು. "ಎರಡು ವರ್ಷ ಆತು, ನನಗ ಕಾಣವಲ್ದು. ಬಾಜೂದವರ ಕಡೆ ಹತ್ತಿಪ್ಪತ್ತು ಸೂಜಿ ಪೋಣಿಸಿ ಇಟಗೊಂಡು ನಿನ್ನ ಮನಿಗೆ ಬರತಿದ್ದೆ."

ಸಂಕವ್ವ ಸೂಜಿ ಹಿಡಿದಳು. ದಾರದ ತುದಿ ಬಾಯಲ್ಲಿಟ್ಟು ಚೂಪು ಮಾಡಿದಳು. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಕಣ್ಣು ತುಂಬಿಕೊಂಡವರಿಗೆ ಸೂಜಿಯ ಕಣ್ಣು ಎಲ್ಲಿ ಕಾಣಬೇಕು?

"ನಿನಗೂ ಕಾಣವಲ್ದೇನ?"

"ಕಾಣತೈತಿ. ತಡಿ."

ನಾನು ಹೊಸ್ತಿಲು ದಾಟಿ ಪೋಣಿಸಿ ಕೊಡಬಹುದಿತ್ತು. ದಾಟಲಿಲ್ಲ. ಸಂಕವ್ವ ಮತ್ತೆ ದಾರ ಚೂಪು ಮಾಡಿದಳು, ಮೌಲಾಬಿ ಕೈ ಚಾಚಿಕೊಂಡು ಕಾದಳು.